ವಿಲನ್ ಕೇಳಿದ್ದು ಸರಿ, ಆಮೇಲೆ?

ಪ್ರಿಯ ಓದುಗರೇ,

ನಿಮ್ಮ ಉದ್ದನೆಯ ಪತ್ರ ತಲುಪಿತು. ಪೂರ್ತಿ ಅಚ್ಚು ಹಾಕಲು ಜಾಗವಿಲ್ಲ, ಹಾಗಾಗಿ ಉಳಿದವರಿಗಾಗಿ ಸಾರ ಹೇಳಿಬಿಡುತ್ತೇನೆ. ನಿಮ್ಮ ಮೊದಲ ದೂರು ಇದು: ಸೂಪರ್‌ಹೀರೋ ಕಾಮಿಕ್ಸ್‌ನಲ್ಲಿ ಈಗೀಗ ವಿಲನ್ ಬಾಯಲ್ಲೇ ನ್ಯಾಯದ ಮಾತು ಆಡಿಸುತ್ತಾರೆ. ನಾವು ಹೌದಲ್ವಾ ಎಂದು ತಲೆಯಾಡಿಸುವಷ್ಟರಲ್ಲಿ ಅವನ ಕೈಯಲ್ಲಿ ಹತ್ತಾರು ಅಮಾಯಕರನ್ನು ಕೊಲ್ಲಿಸಿ, ನೋಡಿ ಇವನು ಕೆಟ್ಟವನೇ ಎಂದು ಕೈ ತೊಳೆದುಕೊಳ್ಳುತ್ತಾರೆ. ಎರಡನೆಯದು, ಮೊದಲು ಕಾಮಿಕ್ಸ್‌ನಲ್ಲಿ ರಾಜಕೀಯ ಇರಲಿಲ್ಲ, ಈಗ ಸುಮ್ನೆ ತುರುಕುತ್ತಿದ್ದಾರೆ. ಮೂರನೆಯದು, ಬ್ಯಾಟ್‌ಮ್ಯಾನ್‌ನ ವಿಲನ್ ಜೋಕರ್ ಯಾಕೆ ಸಾಯುವುದಿಲ್ಲ? ಕೊನೆಗೆ ‘ದುಡ್ಡು ಕೊಟ್ಟು ಸಿಟ್ಟು ಕೊಂಡುಕೊಳ್ಳುತ್ತಿದ್ದೇನೆ’ ಎಂದಿದ್ದೀರಿ. ಆ ಸಾಲಿಗೆ ಕಚೇರಿಯಲ್ಲಿ ಎಲ್ಲರೂ ನಕ್ಕೆವು. ನಮ್ಮ ಕಥೆಯೂ ಅದೇ.

ಎರಡನೆಯ ದೂರಿನಿಂದ ಶುರು ಮಾಡುತ್ತೇನೆ, ಯಾಕೆಂದರೆ ಅದೊಂದನ್ನು ನಾನು ಒಪ್ಪುವುದಿಲ್ಲ. ಕ್ಯಾಪ್ಟನ್ ಅಮೆರಿಕನ ಮೊದಲ ಸಂಚಿಕೆ ಅಂಗಡಿಗೆ ಬಂದದ್ದು 1940ರ ಡಿಸೆಂಬರ್‌ನಲ್ಲಿ. ಮುಖಪುಟದಲ್ಲಿ ಅವನು ಹಿಟ್ಲರ್‌ನ ದವಡೆಗೆ ಗುದ್ದುತ್ತಿದ್ದಾನೆ. ಆಗ ಅಮೆರಿಕ ಇನ್ನೂ ಯುದ್ಧಕ್ಕೆ ಇಳಿದಿರಲಿಲ್ಲ, ಪರ್ಲ್ ಹಾರ್ಬರ್ ದಾಳಿ ನಡೆದದ್ದು ಅದಾಗಿ ಸುಮಾರು ಒಂದು ವರ್ಷಕ್ಕೆ. ಯುರೋಪಿನ ಜಗಳ ನಮಗ್ಯಾಕೆ ಎನ್ನುವವರು ಅಲ್ಲಿ ಬೇಕಾದಷ್ಟು ಮಂದಿ ಇದ್ದರು. ಅವನನ್ನು ಹುಟ್ಟಿಸಿದ ಜೋ ಸೈಮನ್, ಜ್ಯಾಕ್ ಕರ್ಬಿ ಇಬ್ಬರೂ ಯಹೂದಿಗಳು. ತಾವು ಯಾರ ಕಡೆ ಎಂಬುದನ್ನು ಮುಖಪುಟದಲ್ಲೇ ಹೇಳಿಬಿಟ್ಟರು. ಬೆದರಿಕೆ ಪತ್ರಗಳು ಬಂದವು. ನ್ಯೂಯಾರ್ಕಿನ ಮೇಯರ್ ಲಾ ಗಾರ್ಡಿಯಾ ತಾವೇ ಫೋನ್ ಮಾಡಿ ಧೈರ್ಯ ಹೇಳಿದ್ದನ್ನು ಸೈಮನ್ ನೆನಪಿಸಿಕೊಂಡಿದ್ದಾರೆ. ಕಾಮಿಕ್ಸ್‌ನಲ್ಲಿ ರಾಜಕೀಯ ಕಂಡು ಪತ್ರ ಬರೆಯುವುದು ಅಷ್ಟು ಹಳೆಯ ಅಭ್ಯಾಸ. (ನಿಮ್ಮನ್ನು ಆ ಬೆದರಿಕೆಯವರ ಸಾಲಿಗೆ ಸೇರಿಸುತ್ತಿಲ್ಲ, ಬೇಜಾರು ಮಾಡಿಕೊಳ್ಳಬೇಡಿ.)

ಆದರೆ ನಿಮ್ಮ ಮೊದಲ ದೂರಿಗೂ ಈ ಎರಡನೆಯದಕ್ಕೂ ನೀವು ಅಂದುಕೊಂಡದ್ದಕ್ಕಿಂತ ಹತ್ತಿರದ ನಂಟಿದೆ. ಅದನ್ನು ತೋರಿಸಲು ಎರಡು ಹಳೆಯ ಕಥೆ ಬಿಡಿಸಿ ಹೇಳಬೇಕು. ಎರಡರಲ್ಲೂ ಇರುವುದು ಬಡವರ ಮುರುಕು ಮನೆಗಳೇ.

ಮೊದಲನೆಯದು ಆ್ಯಕ್ಷನ್ ಕಾಮಿಕ್ಸ್‌ನ 8ನೇ ಸಂಚಿಕೆ, 1939ರ ಜನವರಿಯದು. ಸೂಪರ್‌ಮ್ಯಾನ್ ಹುಟ್ಟಿ ಇನ್ನೂ ವರ್ಷ ತುಂಬಿಲ್ಲ. ಕೊಳೆಗೇರಿಯ ಹುಡುಗರು ಕಳ್ಳತನಕ್ಕೆ ಇಳಿದಿದ್ದಾರೆ. ಸೂಪರ್‌ಮ್ಯಾನ್ ಅವರನ್ನು ಹಿಡಿದು ಪೊಲೀಸರ ಕೈಗೆ ಕೊಟ್ಟು ಮನೆಗೆ ಹೋಗುವುದಿಲ್ಲ. ತಪ್ಪು ಈ ಹುಡುಗರದಲ್ಲ, ಇವರು ಬೆಳೆಯುವ ಜಾಗದ್ದು ಎಂದು ಯೋಚಿಸುತ್ತಾನೆ. ಚಂಡಮಾರುತಕ್ಕೆ ಸಿಕ್ಕಿದ ಊರನ್ನು ಸರ್ಕಾರ ಹೊಸದಾಗಿ ಕಟ್ಟಿಸುತ್ತಿರುವ ಸುದ್ದಿ ಅವನ ಕಣ್ಣಿಗೆ ಬೀಳುತ್ತದೆ. ಅಷ್ಟೇ ಸಾಕು. ಜನರನ್ನು ಹೊರಗೆ ಕಳಿಸಿ, ಕೊಳೆಗೇರಿಯ ಕಟ್ಟಡಗಳನ್ನು ಬರಿಗೈಯಲ್ಲಿ ಕೆಡವಲು ಶುರು ಮಾಡುತ್ತಾನೆ. ಅವನನ್ನು ತಡೆಯಲು ಸೈನಿಕರು ಬರುತ್ತಾರೆ, ವಿಮಾನಗಳಿಂದ ಬಾಂಬ್ ಬೀಳುತ್ತವೆ. ಅವನು ಆ ಬಾಂಬುಗಳಿಂದಲೇ ಉಳಿದ ಗೋಡೆಗಳನ್ನೂ ಉರುಳಿಸಿಕೊಳ್ಳುತ್ತಾನೆ. ಸರ್ಕಾರಕ್ಕೆ ಬೇರೆ ದಾರಿಯಿಲ್ಲ. ಅಲ್ಲಿ ಹೊಸ ಮನೆಗಳು ಏಳುತ್ತವೆ.

ಈಗ ಇದೇ ಕಥೆಯನ್ನು ಹೀರೋನ ಹೆಸರು ತೆಗೆದು ಇನ್ನೊಮ್ಮೆ ಓದಿ. ಕಾನೂನನ್ನು ಕೈಗೆತ್ತಿಕೊಂಡ ಒಬ್ಬ ಶಕ್ತಿವಂತ, ಊರಿನ ಒಂದು ಭಾಗವನ್ನೇ ಕೆಡವುತ್ತಾನೆ, ಸೈನ್ಯವನ್ನು ಎದುರು ಹಾಕಿಕೊಳ್ಳುತ್ತಾನೆ, ಬಡವರಿಗೆ ಮನೆ ಬೇಕು ಎನ್ನುತ್ತಾನೆ. ಇವತ್ತು ಇವನು ಯಾರು? ನೇರವಾಗಿ ವಿಲನ್! ಮೂರನೇ ಸಂಚಿಕೆಯಲ್ಲಿ ಅವನಿಂದ ಒಂದು ಆಸ್ಪತ್ರೆಗೂ ಬೆಂಕಿ ಹಾಕಿಸುತ್ತಾರೆ, ಇಲ್ಲದಿದ್ದರೆ ನಾವು ಅವನ ಪರ ನಿಂತುಬಿಟ್ಟೇವು ಎಂಬ ಭಯ.

ಎರಡನೆಯ ಕಥೆ 1970ರದು. ಬೇರೆ ಬೇರೆ ಗ್ರಹಗಳನ್ನು ಕಾಯುವ ಹೀರೋ ಗ್ರೀನ್ ಲ್ಯಾಂಟರ್ನ್‌ನ 76ನೇ ಸಂಚಿಕೆ. ಬರೆದವರು ಡೆನಿಸ್ ಓ’ನೀಲ್, ಚಿತ್ರ ನೀಲ್ ಆ್ಯಡಮ್ಸ್. ಬೀದಿಯಲ್ಲಿ ಒಬ್ಬ ಸೂಟುಧಾರಿಯ ಮೇಲೆ ಒಬ್ಬ ಹುಡುಗ ಕೈಮಾಡುತ್ತಾನೆ, ಗ್ರೀನ್ ಲ್ಯಾಂಟರ್ನ್ ಹಾರಿ ಬಂದು ಸೂಟುಧಾರಿಯನ್ನು ಕಾಪಾಡುತ್ತಾನೆ. ಚಪ್ಪಾಳೆ ಬೀಳಬೇಕಿತ್ತು, ಬೀಳುವುದು ಡಬ್ಬಿ ಡಬರಿ. ಆ ಸೂಟುಧಾರಿ ಮುರುಕು ಕಟ್ಟಡದ ಮಾಲೀಕ, ಬಾಡಿಗೆದಾರರನ್ನು ಬೀದಿಗೆ ತಳ್ಳಲು ಹೊರಟವನು. ಗೆಳೆಯನಾದ ಇನ್ನೊಬ್ಬ ಹೀರೋ ಗ್ರೀನ್ ಆ್ಯರೋ, ಗ್ರೀನ್ ಲ್ಯಾಂಟರ್ನ್‌ನನ್ನು ಕಟ್ಟಡದ ಒಳಗೆ ಕರೆದುಕೊಂಡು ಹೋಗಿ ತೋರಿಸುತ್ತಾನೆ. ಅಲ್ಲಿ ಒಬ್ಬ ಕಪ್ಪು ಮುದುಕ ಎದುರಾಗಿ ಕೇಳುತ್ತಾನೆ: ನೀಲಿ ಚರ್ಮದವರಿಗಾಗಿ, ಕಿತ್ತಳೆ ಚರ್ಮದವರಿಗಾಗಿ, ಯಾವುದೋ ಗ್ರಹದ ನೇರಳೆ ಚರ್ಮದವರಿಗಾಗಿ ದುಡಿದೆಯಂತೆ. ನಮ್ಮಂಥ ಕಪ್ಪು ಚರ್ಮದವರಿಗೆ ಏನು ಮಾಡಿದೆ? ಹೀರೋ ತಲೆ ತಗ್ಗಿಸುತ್ತಾನೆ. ಅವನ ಬಳಿ ಉತ್ತರವಿಲ್ಲ.

ಆ ಚಿತ್ರದ ಚೌಕವನ್ನು ಅಭಿಮಾನಿಗಳು ಇವತ್ತಿಗೂ ಕೊಂಡಾಡುತ್ತಾರೆ. ನಾನು ನೋಡುವುದು ಅದರ ನಂತರದ ಪುಟಗಳನ್ನು. ಬಾಡಿಗೆದಾರರನ್ನು ಹೊರಹಾಕುವುದು ಕಾನೂನಿನ ಪ್ರಕಾರ ಅಪರಾಧವೇ ಅಲ್ಲ. ಹಾಗಾದರೆ ಮಾಲೀಕನನ್ನು ಹಿಡಿಯುವುದು ಹೇಗೆ? ಅವನು ಕೊಲೆ ಮಾಡಿಸಲು ಹೊರಟಿದ್ದ ಎಂದು ಸಾಬೀತು ಮಾಡಿ ಹಿಡಿಯುತ್ತಾರೆ. ಕೇಳಿದ ಪ್ರಶ್ನೆ ಮನೆಯದು, ಸಿಕ್ಕ ಉತ್ತರ ಜೈಲು. ನಿಮ್ಮ ಮೊದಲ ದೂರು ಇದೇ ಅಲ್ವಾ? ನ್ಯಾಯದ ಪ್ರಶ್ನೆ ಎದ್ದ ಕೂಡಲೇ ಯಾರಾದರೂ ಒಬ್ಬ ಕೊಲೆಗಾರ ಹಾಜರಾಗಬೇಕು. ಇದು ಈಗಿನ ಬರಹಗಾರರು ಹುಟ್ಟಿಸಿದ ಚಾಳಿಯಲ್ಲ. ಹಾಗಿದ್ದೂ ಈ ಸಂಚಿಕೆಯ ಮೇಲೆ ನನಗೆ ಗೌರವ ಇದೆ. ಪ್ರಶ್ನೆಯನ್ನು ವಿಲನ್ ಬಾಯಿಗೆ ಹಾಕದೆ ಒಬ್ಬ ಸಾಮಾನ್ಯ ಮನುಷ್ಯನ ಬಾಯಿಗೆ ಹಾಕಿದ್ದಾರೆ. ಅಷ್ಟು ಮಾಡುವವರೇ ಕಡಿಮೆ.

ಈ ಎರಡು ಕಥೆಗಳ ನಡುವೆ ಆದದ್ದು 1954ರ ಕಾಮಿಕ್ಸ್ ಕೋಡ್. ಕಾಮಿಕ್ಸ್ ಓದಿ ಮಕ್ಕಳು ಕೆಡುತ್ತಾರೆ ಎಂಬ ಗುಲ್ಲೆದ್ದು, ಅಮೆರಿಕದ ಸೆನೆಟ್‌ನಲ್ಲಿ ವಿಚಾರಣೆ ನಡೆದು, ಸರ್ಕಾರ ಕೈ ಹಾಕುವ ಮೊದಲೇ ಪ್ರಕಾಶಕರು ತಮಗೆ ತಾವೇ ನಿಯಮ ಹಾಕಿಕೊಂಡರು. ಪ್ರತಿ ಕಥೆಯಲ್ಲೂ ಒಳ್ಳೆಯದೇ ಗೆಲ್ಲಬೇಕು, ಅಪರಾಧಿಗೆ ಶಿಕ್ಷೆ ಆಗಲೇಬೇಕು. ಪೊಲೀಸರು, ನ್ಯಾಯಾಧೀಶರು, ಸರ್ಕಾರಿ ಅಧಿಕಾರಿಗಳ ಬಗ್ಗೆ ಅಗೌರವ ಹುಟ್ಟುವಂತೆ ತೋರಿಸಬಾರದು. ಮುಖಪುಟದ ಮೂಲೆಯಲ್ಲಿ ಕೋಡ್‌ನ ಮುದ್ರೆ ಇಲ್ಲದಿದ್ದರೆ ಹೆಚ್ಚಿನ ಹಂಚಿಕೆದಾರರು ಪುಸ್ತಕ ಎತ್ತುತ್ತಲೇ ಇರಲಿಲ್ಲ. ಕೊಳೆಗೇರಿ ಕೆಡವಿದ ಸೂಪರ್‌ಮ್ಯಾನ್‌ಗೆ ಅಲ್ಲಿ ಜಾಗವೇ ಇಲ್ಲ. ವ್ಯವಸ್ಥೆ ಸರಿಯಿಲ್ಲ ಎನ್ನುವ ಕೆಲಸ ಯಾರ ಪಾಲಿಗೆ ಉಳಿಯಿತು? ವಿಲನ್ ಪಾಲಿಗೆ. ಅವನು ಹೇಗೂ ಸೋಲುವವನು, ಏನು ಬೇಕಾದರೂ ಹೇಳಲಿ ಬಿಡಿ!

1971ರಲ್ಲಿ ಕೋಡ್ ಸಡಿಲವಾಯಿತು, 2011ರ ಹೊತ್ತಿಗೆ ಪೂರ್ತಿ ಹೋಯಿತು. ಅಭ್ಯಾಸ ಮಾತ್ರ ಹೋಗಲಿಲ್ಲ. ಅದಕ್ಕೆ ಕಾರಣ ಸೆನ್ಸಾರ್‌ಗಿಂತ ಗಟ್ಟಿಯಾದದ್ದು: ಮುಂದಿನ ತಿಂಗಳ ಸಂಚಿಕೆ. ಹೀರೋ ನಿಜವಾಗಿ ಜಗತ್ತನ್ನು ಬದಲಾಯಿಸಿದರೆ ಕಥೆಯ ಊರು ನಮ್ಮ ಊರಿನ ಹಾಗೆ ಕಾಣುವುದಿಲ್ಲ, ಸರಣಿ ಓಡುವುದಿಲ್ಲ. ಆದ್ದರಿಂದ ಬದಲಾವಣೆ ಬಯಸುವವನನ್ನು ಸೋಲಿಸಿ ಎಲ್ಲವನ್ನೂ ಇದ್ದಲ್ಲಿಗೇ ತಂದು ನಿಲ್ಲಿಸುವುದು ಹೀರೋನ ಉದ್ಯೋಗವಾಗಿದೆ. ನೀವು ರಾಜಕೀಯ ಜಾಸ್ತಿ ಆಯಿತು ಎನ್ನುತ್ತೀರಿ. ನನಗಂತೂ ಈ ಇದ್ದಲ್ಲೇ ಇರಲಿ ಎನ್ನುವುದೇ ಸೂಪರ್‌ಹೀರೋ ಕಾಮಿಕ್ಸ್‌ನ ಎಲ್ಲಕ್ಕಿಂತ ದೊಡ್ಡ ರಾಜಕೀಯ. ಯಾರೂ ಅದನ್ನು ತುರುಕಬೇಕಾಗಿಲ್ಲ, ತಾನಾಗಿಯೇ ಬಂದು ಕೂತಿರುತ್ತದೆ.

ಎಕ್ಸ್-ಮೆನ್ ಎಂಬ ಹೀರೋಗಳ ಗುಂಪಿನ ಎದುರಾಳಿ ಮ್ಯಾಗ್ನೀಟೋನ ಪಾಡು ನೋಡಿ. 1963ರಲ್ಲಿ ಬಂದಾಗ ಅವನು ಬರೀ ಅಬ್ಬರದ ವಿಲನ್. 1981ರಲ್ಲಿ, ಎಕ್ಸ್-ಮೆನ್‌ನ 150ನೇ ಸಂಚಿಕೆಯಲ್ಲಿ, ಬರಹಗಾರ ಕ್ರಿಸ್ ಕ್ಲೇರ್‌ಮಾಂಟ್ ಅವನನ್ನು ಆಶ್‌ವಿಟ್ಜ್ ಎಂಬ ನಾಜಿ ಶಿಬಿರದಿಂದ ಬದುಕಿ ಬಂದವನನ್ನಾಗಿ ಮಾಡಿದರು. ಅಲ್ಲಿ ಅವನ ಬೇಡಿಕೆ ಏನು? ಎಲ್ಲ ದೇಶಗಳೂ ಅಣ್ವಸ್ತ್ರ ಕೆಳಗಿಡಬೇಕು. ಜಗಳದ ನಡುವೆ ಎಕ್ಸ್-ಮೆನ್ ಗುಂಪಿನ ಕಿಟ್ಟಿ ಪ್ರೈಡ್ ಎಂಬ ಹದಿಹರೆಯದ ಯಹೂದಿ ಹುಡುಗಿ ಅವನ ಹೊಡೆತಕ್ಕೆ ಬೀಳುತ್ತಾಳೆ. ಒಂದು ಮಗುವನ್ನು ಕೊಂದೆನಲ್ಲ ಎಂದು ಅವನು ಅಲ್ಲೇ ಕುಸಿಯುತ್ತಾನೆ. ಬೇರೆಯವರಾಗಿದ್ದರೆ ಈ ಹೊಡೆತವನ್ನು ಅವನು ಕೆಟ್ಟವನು ಎಂಬುದಕ್ಕೆ ಸಾಕ್ಷಿಯಾಗಿ ಬಳಸಿ ಪುಟ ತಿರುಗಿಸುತ್ತಿದ್ದರು. ಇಲ್ಲಿ ಆ ಹೊಡೆತದಿಂದಲೇ ಅವನು ಬದಲಾಗಲು ತೊಡಗುತ್ತಾನೆ. 1985ರ 200ನೇ ಸಂಚಿಕೆಯಲ್ಲಿ ಪ್ಯಾರಿಸ್‌ನಲ್ಲಿ ಅವನ ಮೇಲೆ ವಿಚಾರಣೆ, ಆಮೇಲೆ ಎಕ್ಸ್-ಮೆನ್ ಶಾಲೆಯ ಹೊಣೆ. ಹೀಗೆ ಒಬ್ಬ ಬರಹಗಾರ ವರ್ಷಗಟ್ಟಲೆ ಕೂತು ಕಟ್ಟಿದ್ದು. 1991ರಲ್ಲಿ ಹೊಸ ಎಕ್ಸ್-ಮೆನ್ ಸರಣಿ ಶುರುವಾಯಿತು, ಮೊದಲ ಸಂಚಿಕೆಯ 80 ಲಕ್ಷಕ್ಕೂ ಹೆಚ್ಚು ಪ್ರತಿಗಳು ಅಂಗಡಿಗಳಿಗೆ ಹೋದವು. ಅದರಲ್ಲಿ ಎದುರಾಳಿ ಯಾರು ಹೇಳಿ? ಮ್ಯಾಗ್ನೀಟೋನೇ. ಮೂರು ಸಂಚಿಕೆ ಮುಗಿಸಿ ಕ್ಲೇರ್‌ಮಾಂಟ್ ಹೊರಟುಹೋದರು. ನಿಮ್ಮ ಸಿಟ್ಟಿಗೆ ಇದಕ್ಕಿಂತ ಒಳ್ಳೆಯ ಕಾರಣ ನನಗೆ ಗೊತ್ತಿಲ್ಲ.

ಜೋಕರ್ ವಿಷಯಕ್ಕೆ ಬರೋಣ, ಅದು ಬೇಗ ಮುಗಿಯುತ್ತದೆ. ಅವನು 1940ರ ಮೊದಲ ಬ್ಯಾಟ್‌ಮ್ಯಾನ್ ಸಂಚಿಕೆಯಲ್ಲೇ ಸಾಯಬೇಕಿತ್ತು. ಕಥೆ ಹಾಗೇ ಬರೆದಾಗಿತ್ತು. ಸಂಪಾದಕ ವಿಟ್ನಿ ಎಲ್ಸ್‌ವರ್ತ್ ಬೇಡ ಎಂದರು. ಇವನು ಬದುಕುತ್ತಾನೆ ಎಂದು ಹೇಳುವ ಒಂದು ಚೌಕವನ್ನು ಕೊನೆಯಲ್ಲಿ ಅಂಟಿಸಿದರು. ಅವತ್ತಿಂದ ಇವತ್ತಿನವರೆಗೆ ನಡೆಯುತ್ತಿರುವುದು ಆ ಚೌಕದ್ದೇ ಪುಣ್ಯ. ಬ್ಯಾಟ್‌ಮ್ಯಾನ್ ಕೊಲ್ಲುವುದಿಲ್ಲ ಎಂಬ ನೀತಿಯ ಬಗ್ಗೆ ಎಷ್ಟೇ ಚರ್ಚೆ ಮಾಡಿ, ಲೆಕ್ಕ ನಿಲ್ಲುವುದು ಇಲ್ಲೇ. ನಾನೂ ಸಂಪಾದಕನೇ ಆದ್ದರಿಂದ ಎಲ್ಸ್‌ವರ್ತ್‌ರನ್ನು ಬೈಯಲು ಮನಸ್ಸು ಬರುವುದಿಲ್ಲ.

ಓದುಗರೇನು ಕಡಿಮೆಯೇ? 1988ರಲ್ಲಿ ಬ್ಯಾಟ್‌ಮ್ಯಾನ್‌ನ ಜೊತೆಗಾರ ಹುಡುಗ, ಎರಡನೇ ರಾಬಿನ್, ಬದುಕಬೇಕೋ ಸಾಯಬೇಕೋ ಎಂದು ಫೋನ್ ಮತದಾನ ಇಟ್ಟರು. ಸಾಯಲಿ ಎಂದವರು 5,343, ಬದುಕಲಿ ಎಂದವರು 5,271. ಹುಡುಗ ಹೋದ, ಕೊಂದ ಜೋಕರ್ ಉಳಿದ. ಅದೇ ಕಥೆಯಲ್ಲಿ ಮುಂದೆ ಇರಾನ್‌ನ ಆಗಿನ ನಾಯಕ ಖೊಮೇನಿ ಜೋಕರ್‌ನನ್ನು ವಿಶ್ವಸಂಸ್ಥೆಗೆ ರಾಯಭಾರಿಯಾಗಿ ಕಳಿಸುತ್ತಾರೆ. ರಾಯಭಾರಿಯನ್ನು ಮುಟ್ಟುವಂತಿಲ್ಲ ಎಂದು ಬ್ಯಾಟ್‌ಮ್ಯಾನ್‌ಗೆ ಹೇಳಲು ಸೂಪರ್‌ಮ್ಯಾನ್ ಬರುತ್ತಾನೆ. ರಾಜಕೀಯ ತುರುಕುವುದು ಎಂದರೆ ನನ್ನ ಪ್ರಕಾರ ಇದು. ಆಗಿನ ಸುದ್ದಿಯ ಕಾವಿಗೆ ಒಂದು ದೇಶದ ಹೆಸರು ಎಳೆದು ತಂದರು, ಕಥೆಗೆ ಅದರಿಂದ ಆದದ್ದು ಏನೂ ಇಲ್ಲ.

ತುರುಕಿದ್ದಕ್ಕೆ ಇನ್ನೆರಡು ಉದಾಹರಣೆ ನಿಮ್ಮ ಪರವಾಗಿ ನಾನೇ ಕೊಡುತ್ತೇನೆ. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಬಂದ ಕಪ್ಪು ಮುಖಪುಟದ ಸ್ಪೈಡರ್‌ಮ್ಯಾನ್ ಸಂಚಿಕೆಯಲ್ಲಿ, ಕುಸಿದ ಕಟ್ಟಡಗಳ ಮುಂದೆ ಡಾಕ್ಟರ್ ಡೂಮ್ ಕಣ್ಣೀರು ಹಾಕುತ್ತಾನೆ. ಜಗತ್ತನ್ನೇ ಕಾಲಡಿ ಹಾಕಿಕೊಳ್ಳಲು ಹೊರಟವನ ಕಣ್ಣಲ್ಲಿ ನೀರು! ದುಃಖ ನಿಜವಾದದ್ದು, ಅದನ್ನು ಡೂಮ್ ಮುಖವಾಡದ ಮೇಲೆ ಹರಿಸಿದ್ದು ಸುಳ್ಳು. ಇನ್ನೊಂದು, 2007ರ ಸಿವಿಲ್ ವಾರ್: ಫ್ರಂಟ್ ಲೈನ್‌ನ ಕೊನೆಯ ಸಂಚಿಕೆ. ಶರಣಾದ ಕ್ಯಾಪ್ಟನ್ ಅಮೆರಿಕನನ್ನು ಒಬ್ಬ ಪತ್ರಕರ್ತೆ ತರಾಟೆಗೆ ತೆಗೆದುಕೊಳ್ಳುತ್ತಾಳೆ. ನಿನಗೆ ಮೈಸ್ಪೇಸ್ (ಆಗಿನ ಸಾಮಾಜಿಕ ಜಾಲತಾಣ) ಗೊತ್ತಾ, ಕಾರು ರೇಸ್ ನೋಡಿದ್ದೀಯಾ, ಹಾಗಾದರೆ ಅಮೆರಿಕದ ಬಗ್ಗೆ ನಿನಗೇನು ಗೊತ್ತು ಎಂಬ ಧಾಟಿ. ಸರ್ಕಾರದ ಪಟ್ಟಿಯಲ್ಲಿ ಹೆಸರು ಬರೆಸದ ಹೀರೋಗಳನ್ನು ವಿಚಾರಣೆಯಿಲ್ಲದೆ ಜೈಲಿಗೆ ಹಾಕಿದ್ದು ಸರಿಯೇ ಎಂಬುದು ಆ ಇಡೀ ಕಥೆಯ ಪ್ರಶ್ನೆ. ಅದಕ್ಕೆ ಉತ್ತರವಾಗಿ ಮೈಸ್ಪೇಸ್! ಅಭಿಮಾನಿಗಳು ಇಂದಿಗೂ ಆ ಪುಟವನ್ನು ಆಡಿಕೊಳ್ಳುತ್ತಾರೆ, ಆಡಿಕೊಳ್ಳಲಿ.

2016ರಲ್ಲಿ ಕ್ಯಾಪ್ಟನ್ ಅಮೆರಿಕ ‘ಹೇಲ್ ಹೈಡ್ರಾ’ ಎಂದು, ಅಂದರೆ ಕಥೆಯಲ್ಲಿ ನಾಜಿಗಳ ನಂಟಿನ ದುಷ್ಟ ಸಂಘಟನೆಗೆ ಜೈಕಾರ ಹಾಕಿದಾಗ ಆದ ಗಲಾಟೆಯನ್ನೂ ನೀವು ಎತ್ತಿದ್ದೀರಿ. ಕಥೆ ಪೂರ್ತಿ ಓದಿ ಆಮೇಲೆ ಮಾತಾಡಿ ಎಂಬುದು ಆಗ ಅಭಿಮಾನಿಗಳಿಗೆ ಸಿಕ್ಕ ಬುದ್ಧಿವಾದ. ಆ ಮಾತು ನನಗೆ ಒಪ್ಪಿಗೆಯಿಲ್ಲ. ತಿಂಗಳಿಗೊಂದು ಸಂಚಿಕೆ ಮಾರುವವರು ತಿಂಗಳಿಗೊಂದು ಸಿಟ್ಟನ್ನೂ ಎದುರಿಸಬೇಕು. ಇಬ್ಬರು ಯಹೂದಿಗಳು ಹಿಟ್ಲರ್‌ಗೆ ಗುದ್ದಲೆಂದು ಹುಟ್ಟಿಸಿದವನ ಬಾಯಲ್ಲಿ ಆ ಮಾತು ಬಂದರೆ ಓದುಗ ಒಂದು ವರ್ಷ ಬಾಯಿ ಮುಚ್ಚಿಕೊಂಡಿರಬೇಕೇ? ಕೊನೆಗೆ ಆದದ್ದಾದರೂ ಏನು? ಎಲ್ಲವನ್ನೂ ಬದಲಿಸುವ ಮಾಯದ ಘನವೊಂದು ಹಳೆಯ ಸ್ಟೀವ್ ರೋಜರ್ಸ್‌ನನ್ನು, ಅಂದರೆ ಮೊದಲಿನ ಕ್ಯಾಪ್ಟನ್ ಅಮೆರಿಕನನ್ನು, ವಾಪಸ್ ತಂದಿತು. ಮತ್ತೆ ಎಲ್ಲವೂ ಇದ್ದಲ್ಲಿಗೇ.

ಸರಣಿ ಕೊಳ್ಳುವುದನ್ನು ನಿಲ್ಲಿಸಲೇ ಎಂದು ಕೇಳಿದ್ದೀರಿ. ನಿಲ್ಲಿಸುವುದು ಬಿಡುವುದು ನಿಮ್ಮಿಷ್ಟ. ನನ್ನನ್ನು ಕೇಳಿದರೆ ತಿಂಗಳ ಸರಣಿ ಸ್ವಲ್ಪ ಬದಿಗಿಟ್ಟು, ಶುರುವಾಗಿ ಮುಗಿಯುವ ಕಥೆಗಳನ್ನು ಹಿಡಿಯಿರಿ. ಜೀನ್ ಲುಯೆನ್ ಯಾಂಗ್ ಬರೆದ ‘ಸೂಪರ್‌ಮ್ಯಾನ್ ಸ್ಮ್ಯಾಶಸ್ ದಿ ಕ್ಲ್ಯಾನ್’ ಮೂರೇ ಭಾಗದಲ್ಲಿ ಮುಗಿಯುತ್ತದೆ. 1946ರಲ್ಲಿ ಸೂಪರ್‌ಮ್ಯಾನ್ ರೇಡಿಯೊ ಸರಣಿ ಕು ಕ್ಲಕ್ಸ್ ಕ್ಲ್ಯಾನ್‌ನಂಥ (ಬಿಳಿಯರೇ ಮೇಲು ಎನ್ನುವ) ಗುಂಪನ್ನು ಎದುರು ಹಾಕಿಕೊಂಡ ಕಥೆಯೇ ಅದರ ಮೂಲ. ಅಲ್ಲಿಯ ವಿಲನ್‌ಗಳು ಅಕ್ಕಪಕ್ಕದ ಮನೆಯವರು. ಅವರನ್ನು ಕೆಟ್ಟವರೆಂದು ತೋರಿಸಲು ಆಸ್ಪತ್ರೆಗೆ ಬೆಂಕಿ ಹಚ್ಚಿಸಬೇಕಾಗಿಲ್ಲ, ಅವರು ನಂಬುವುದನ್ನೇ ತೋರಿಸಿದರೆ ಆಯಿತು.

ಕೊನೆಯಲ್ಲಿ ನೀವು ಕೇಳಿದ ಸಣ್ಣ ಪ್ರಶ್ನೆ: ಒಂದು ಫಲಕಕ್ಕಾಗಿ ಪ್ರಕಾಶಕರು ಕ್ಷಮೆ ಕೇಳಿದ್ದು ನಿಜವೇ? ನಿಜ. 2010ರ ಕ್ಯಾಪ್ಟನ್ ಅಮೆರಿಕ 602ನೇ ಸಂಚಿಕೆ. ಒಂದು ಮೆರವಣಿಗೆಯ ದೃಶ್ಯದಲ್ಲಿ ಫಲಕಗಳು ಖಾಲಿ ಉಳಿದಿದ್ದವು, ಅಚ್ಚಿಗೆ ಹೋಗುವ ಗಡಿಬಿಡಿ. ಅಕ್ಷರ ಬರೆಯುವವರು ಅಮೆರಿಕದ ಆಗಿನ ಬಲಪಂಥೀಯ ಟೀ ಪಾರ್ಟಿ ಚಳವಳಿಯ ನಿಜವಾದ ಫಲಕವೊಂದರ ಘೋಷಣೆಯನ್ನೇ ತುಂಬಿಬಿಟ್ಟರು. ಆ ಚಳವಳಿಯವರು ಸಿಟ್ಟಾದರು, ಮುಖ್ಯ ಸಂಪಾದಕ ಜೋ ಕೆಸಾಡಾ ಕ್ಷಮೆ ಕೇಳಿದರು, ಮರುಮುದ್ರಣದಲ್ಲಿ ತೆಗೆಯುತ್ತೇವೆ ಎಂದರು. ಕಥೆ ಬರೆದ ಎಡ್ ಬ್ರೂಬೇಕರ್ ಆ ಸಾಲು ಬರೆದೇ ಇರಲಿಲ್ಲ.

— ಸಂ.