ಹಳೆಯ ಹೋಲ್ಡರಿನ ಗ್ರೇಡನ್ನು ಇಂದು ಎಷ್ಟು ನಂಬಬಹುದು?

ಪ್ರಶ್ನೆ: ನನ್ನ ಹತ್ತಿರ ಸ್ಯಾನ್ ಫ್ರಾನ್ಸಿಸ್ಕೊ ಟಂಕಸಾಲೆಯ 1881ರ ಮೋರ್ಗನ್ ಡಾಲರ್ ಎಂಬ ಬೆಳ್ಳಿ ನಾಣ್ಯ ಇದೆ. ನಾಣ್ಯದ ಸ್ಥಿತಿಗೆ ಅಂಕಿ (ಗ್ರೇಡ್) ಕೊಟ್ಟು ಪ್ಲಾಸ್ಟಿಕ್ ಹೋಲ್ಡರಿನಲ್ಲಿ ಸೀಲ್ ಮಾಡುವ ಪಿಸಿಜಿಎಸ್ ಕಂಪನಿಯ ಮೊದಮೊದಲ ಹೋಲ್ಡರ್, ಅಲ್ಲಾಡಿಸಿದರೆ ಗಲಗಲ ಸದ್ದು ಬರುತ್ತದೆ. ಗ್ರೇಡ್ ಎಂಎಸ್ (ಮಿಂಟ್ ಸ್ಟೇಟ್, ಅಂದರೆ ಚಲಾವಣೆಗೆ ಹೋಗದ ಸ್ಥಿತಿ) 64. ಆಗಿನ ಗ್ರೇಡಿಂಗ್ ಬಹಳ ಬಿಗಿ, ಈಗ ಕಳಿಸಿದರೆ 65 ಗ್ಯಾರಂಟಿ ಎನ್ನುತ್ತಾರೆ. ಒಡೆದು ಕಳಿಸಲೇ? (ಎಡಿಸನ್, ನ್ಯೂಜೆರ್ಸಿ)

ಉತ್ತರ: ಒಡೆಯಬೇಡಿ. ಆಗ ಬಿಗಿ ಇತ್ತು ಎನ್ನುವ ಮಾತು ಬಹುಮಟ್ಟಿಗೆ ನಿಜ. ಗ್ಯಾರಂಟಿ ಎನ್ನುವುದು ಮಾತ್ರ ಸುಳ್ಳು.

ವಿಲಿಯಂ ಶೆಲ್ಡನ್ 1949ರಲ್ಲಿ 1ರಿಂದ 70ರ ಮಾಪಕ ಮಾಡಿದ್ದು ಹಳೆಯ ತಾಮ್ರದ ದೊಡ್ಡ ಸೆಂಟ್‌ಗಳಿಗೆ. ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಅಸೋಸಿಯೇಷನ್ 1977ರಲ್ಲಿ ಅದನ್ನು ಎಲ್ಲ ನಾಣ್ಯಗಳಿಗೂ ಹಿಗ್ಗಿಸಿದಾಗ, ಚಲಾವಣೆಗೆ ಹೋಗದ ನಾಣ್ಯಗಳಿಗೆ ಮೂರೇ ಮೆಟ್ಟಿಲು: 60, 65, 70. 1986ರಲ್ಲಿ ಪಿಸಿಜಿಎಸ್ ಕೆಲಸ ಶುರು ಮಾಡಿದಾಗ 60ರಿಂದ 70ರವರೆಗಿನ ಹನ್ನೊಂದೂ ಅಂಕಿಗಳು ಬಳಕೆಗೆ ಬಂದವು; ಮರುವರ್ಷ ಅಂಥದೇ ಇನ್ನೊಂದು ಕಂಪನಿ ಎನ್‌ಜಿಸಿ ಬಂತು. ಒಂದು ಅಂಕಿ ಹೆಚ್ಚಾದರೆ ಬೆಲೆ ಜಿಗಿಯುತ್ತದೆ ಎಂದಾದ ಮೇಲೆ ವ್ಯಾಪಾರಿಗಳು ಹೋಲ್ಡರ್ ಒಡೆದು, ಅದೇ ನಾಣ್ಯವನ್ನು ಏರಿಸುವ ತನಕ ಮತ್ತೆ ಮತ್ತೆ ಕಳಿಸತೊಡಗಿದರು. ಇಳಿದದ್ದು ಮತ್ತೆ ಸಾಲಿಗೆ ಬರುತ್ತದೆ, ಏರಿದ್ದು ಏರಿದಲ್ಲೇ ನಿಲ್ಲುತ್ತದೆ. ಗ್ರೇಡುಗಳು ಸಡಿಲವಾದದ್ದಕ್ಕೆ ಗ್ರೇಡರುಗಳ ಕಣ್ಣಿನಷ್ಟೇ ಈ ಏಕಮುಖ ಜರಡಿಯೂ ಕಾರಣ.

ಇದೇ ಜರಡಿ ನಿಮಗೆ ಎದುರಾಗಿಯೂ ಕೆಲಸ ಮಾಡಿದೆ. ನಿಮ್ಮ ಹೋಲ್ಡರ್ 1986–89ರದ್ದು. ಅಂದಿನಿಂದ ಅದು ಮಾರುಕಟ್ಟೆಯಲ್ಲಿ ಕೈ ಬದಲಿಸುತ್ತಲೇ ಬಂದಿದ್ದರೆ, ಅದನ್ನು 65 ಆಗುತ್ತದೆಯೇ ಎಂದು ನೋಡಿ, ಬೇಡವೆಂದು ಬಿಟ್ಟವರು ಹಲವರಿರುತ್ತಾರೆ. ಯಾರದೋ ಲಾಕರಿನಿಂದ ನೇರ ನಿಮ್ಮ ಕೈಗೆ ಬಂದಿದ್ದರೆ ಆಸೆಗೆ ಜಾಗವಿದೆ.

ಗ್ರೇಡ್ ಬರೆದ ಚೀಟಿ ಮುಚ್ಚಿ ನಾಣ್ಯ ನೋಡಿ. ಕೋಣೆಯ ದೀಪ ಆರಿಸಿ, ಒಂದೇ ಟೇಬಲ್ ಲ್ಯಾಂಪಿನ ಕೆಳಗೆ ಹೋಲ್ಡರನ್ನು ನಿಧಾನ ಓರೆ ಮಾಡಿ. ಹೊಳಪು ಚಕ್ರದ ಅರಗಳಂತೆ ಸುತ್ತಬೇಕು, ಎಲ್ಲೂ ತುಂಡಾಗಬಾರದು. ಆಮೇಲೆ 5ರಿಂದ 7 ಪಟ್ಟಿನ ಭೂತಗನ್ನಡಿಯಲ್ಲಿ ಮುಂಬದಿಯ ಲಿಬರ್ಟಿ ದೇವಿಯ ಕೆನ್ನೆ ಮತ್ತು ಮುಖದ ಮುಂದಿನ ಬಯಲು. ಮೋರ್ಗನ್‌ನಲ್ಲಿ 64 ಮತ್ತು 65ರ ಜಗಳವೆಲ್ಲ ಇಲ್ಲೇ ತೀರ್ಮಾನವಾಗುವುದು. ಚೀಲದಲ್ಲಿ ಬೇರೆ ಡಾಲರುಗಳ ಅಂಚು ಬಡಿದ ಗಾಯ ಕೂದಲಿನ ನಡುವೆ ಇದ್ದರೆ ಕ್ಷಮೆಯುಂಟು, ಕೆನ್ನೆಯ ನಡುವೆ ಇದ್ದರೆ ಇಲ್ಲ. ಕಿವಿಯ ಮೇಲಿನ ಕೂದಲು, ಹಿಂಬದಿಯಲ್ಲಿ ಹದ್ದಿನ ಎದೆ ಮಂಕಾಗಿದ್ದರೆ ಅದು ಸವೆತವೋ ಅಚ್ಚು ಸರಿಯಾಗಿ ಬೀಳದ್ದೋ ನೋಡಿ: ಅಚ್ಚು ಮೆತ್ತಗೆ ಬಿದ್ದಲ್ಲಿ ಗೆರೆ ಇರದಿದ್ದರೂ ಹೊಳಪಿರುತ್ತದೆ, ಸವೆದಲ್ಲಿ ಹೊಳಪು ಮುರಿದು ಬೂದು ಬಣ್ಣ ಕಾಣುತ್ತದೆ. 1881ರ ಸ್ಯಾನ್ ಫ್ರಾನ್ಸಿಸ್ಕೊ ಅಚ್ಚು ಚೊಕ್ಕಟವೆಂದೇ ಹೆಸರಾದದ್ದು. ಹಾಗಾಗಿ ನಿಮ್ಮದರಲ್ಲಿ ಮಂಕು ಕಂಡರೆ ಸವೆತವನ್ನೇ ಮೊದಲು ಶಂಕಿಸಿ.

ಇನ್ನು ಲೆಕ್ಕ. ಆ ವರ್ಷ ಅಲ್ಲಿ ಟಂಕಿಸಿದ್ದು 1.27 ಕೋಟಿಗೂ ಹೆಚ್ಚು. 65 ಗ್ರೇಡಿನವು ಬೇಕಾದಷ್ಟು ಸಿಗುತ್ತವೆ. ಗ್ರೇಡಿಂಗ್ ಶುಲ್ಕ, ಹೋಗಿಬರುವ ವಿಮಾ ಅಂಚೆ ಕಳೆದರೆ ಏರಿಕೆಯ ಲಾಭದಲ್ಲಿ ಕೈಗೆ ಉಳಿಯುವುದು ಅಷ್ಟಕ್ಕಷ್ಟೆ. ಅತ್ತ ಗಲಗಲ ಹೋಲ್ಡರಿಗೇ ಪ್ರತ್ಯೇಕ ಸಂಗ್ರಾಹಕರಿದ್ದಾರೆ, ಒಡೆದರೆ ಆ ಹೆಚ್ಚುವರಿ ಬೆಲೆ ಹೋಯಿತು. ಕಳಿಸಲೇಬೇಕು ಎನಿಸಿದರೆ ಸಿಎಸಿ ಎಂಬ ಸಂಸ್ಥೆಗೆ ಕಳಿಸಿ. 2007ರಿಂದ ಅವರು ಹೋಲ್ಡರ್ ಒಡೆಯದೆಯೇ ಪರೀಕ್ಷಿಸುತ್ತಿದ್ದಾರೆ: ಕೊಟ್ಟ ಗ್ರೇಡಿಗೆ ಗಟ್ಟಿಯಾಗಿ ನಿಂತರೆ ಹಸಿರು ಸ್ಟಿಕ್ಕರ್, ಇನ್ನೂ ಮೇಲಿನದಕ್ಕೆ ಅರ್ಹವಾದರೆ ಚಿನ್ನದ ಬಣ್ಣದ್ದು. ಹಳೆಯ ಹೋಲ್ಡರಿನ ಮೇಲೆ ಚಿನ್ನದ ಸ್ಟಿಕ್ಕರ್ ಬಿದ್ದರೆ, ಎಷ್ಟೋ ಸಲ ಅದು ಹೊಸ ಹೋಲ್ಡರಿನ ಮೇಲಿನ ಅಂಕಿಗಿಂತ ದುಬಾರಿ.

ಪ್ರಶ್ನೆ: 1909ರ ಎಸ್ ವಿಡಿಬಿ (ಎಸ್ ಸ್ಯಾನ್ ಫ್ರಾನ್ಸಿಸ್ಕೊ ಗುರುತು, ವಿಡಿಬಿ ವಿನ್ಯಾಸಕಾರನ ಹೆಸರಿನ ಮೊದಲಕ್ಷರಗಳು) ಲಿಂಕನ್ ಸೆಂಟ್, 1990ರ ದಶಕದ ಹಸಿರು ಚೀಟಿಯ ಪಿಸಿಜಿಎಸ್ ಹೋಲ್ಡರ್, ಎಂಎಸ್ 65 ರೆಡ್. ಈಗ ಅಂಚಿನಲ್ಲಿ ಕಂದು ಬಣ್ಣ, ಎರಡು ಕಪ್ಪು ಚುಕ್ಕೆ. ಗ್ರೇಡ್ ತಪ್ಪಿತ್ತೇ? (ಹೂಸ್ಟನ್)

ಉತ್ತರ: ಗ್ರೇಡ್ ಅಂದು ಸರಿ ಇದ್ದಿರಬಹುದು, ನಾಣ್ಯವೇ ಬದಲಾಗಿದೆ. ಹೋಲ್ಡರಿನ ಪ್ಲಾಸ್ಟಿಕ್ ಗಾಳಿಯನ್ನು ಪೂರ್ತಿ ತಡೆಯುವುದಿಲ್ಲ. ಹೂಸ್ಟನ್ನಿನಂಥ ತೇವದ ಊರಿನಲ್ಲಿ ತಾಮ್ರ ಬೇಗ ಬಣ್ಣ ತಿರುಗುತ್ತದೆ. ರೆಡ್ ಎನ್ನಿಸಿಕೊಳ್ಳಲು ಮೂಲ ಕೆಂಪು ಸುಮಾರು 95 ಶೇಕಡಾ ಉಳಿದಿರಬೇಕು, ನಿಮ್ಮದು ಈಗ ರೆಡ್-ಬ್ರೌನ್. ತಾಮ್ರದ ಬಣ್ಣಕ್ಕೆ ಪಿಸಿಜಿಎಸ್ ಇಂದು ಖಾತರಿ ಕೊಡುವುದಿಲ್ಲ, ಆದ್ದರಿಂದ ಪರಿಹಾರದ ಆಸೆ ಬೇಡ. ಮಾರುವಾಗ ಚೀಟಿ ತೋರಿಸಿ ರೆಡ್ ಬೆಲೆ ಕೇಳಿದರೆ ಬಲ್ಲವರು ಕೊಡುವುದಿಲ್ಲ. ರೆಡ್-ಬ್ರೌನ್ ಬೆಲೆಯಿಂದ ಮಾತು ಶುರು ಮಾಡಿ. ಈ ನಾಣ್ಯ 4,84,000 ಮಾತ್ರ ಟಂಕಿತವಾದದ್ದು, ಆ ಬೆಲೆಯೂ ಕಡಿಮೆಯೇನಲ್ಲ. ಚುಕ್ಕೆ ತೆಗೆಸಲು ಹೋಗಬೇಡಿ, ಕೆಳಗೆ ಗುಳಿ ಉಳಿಯುತ್ತದೆ. ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಗಟ್ಟಿ ಮುಚ್ಚಳದ ಡಬ್ಬಿಯಲ್ಲಿಡಿ, ಜೆಲ್ ನೀರು ಹೀರಿ ತುಂಬಿದಾಗ ಬದಲಿಸಿ.

ಪ್ರಶ್ನೆ: 1980ರ ದಶಕದ ಆರಂಭದ, ಅನಾಕ್ಸ್ ಎಂಬ ಗ್ರೇಡಿಂಗ್ ಸೇವೆಯ ಫೋಟೊ ಸರ್ಟಿಫಿಕೇಟಿನಲ್ಲಿ 65/63 ಎಂದಿದೆ. ಯಾವುದು ಗ್ರೇಡ್?

ಉತ್ತರ: ಮೊದಲನೆಯದು ಮುಂಬದಿ, ಎರಡನೆಯದು ಹಿಂಬದಿ. ಇಂದಿನ ಒಂದೇ ಅಂಕಿಯಲ್ಲಿ ಮುಂಬದಿಗೆ ತೂಕ ಹೆಚ್ಚು, ಆದರೂ ಇದನ್ನು 65 ಎಂದು ಕೊಳ್ಳಬೇಡಿ. ಆಗಿನ 65 ಇಂದಿನ 63ಕ್ಕೆ ಇಳಿಯುವುದು ಅಪರೂಪವಲ್ಲ. ಹಳೆಯದೆಲ್ಲ ಬಿಗಿ ಎನ್ನುವ ಮಾತು ಇಲ್ಲಿ ಕೈಕೊಡುತ್ತದೆ. ಜೊತೆಗೆ ನಾಣ್ಯ ಸೀಲ್ ಆಗಿಲ್ಲ. ಫೋಟೊದಲ್ಲಿನ ಗೀರು, ಕಲೆ ಒಂದೊಂದನ್ನೂ ಹೋಲಿಸಿ, ನಾಣ್ಯ ಅದೇ ಹೌದೇ ಎಂದು ಮೊದಲು ಖಚಿತಪಡಿಸಿಕೊಳ್ಳಿ.

ಪ್ರಶ್ನೆ: ಐದನೇ ಜಾರ್ಜ್‌ನ 1911ರ ರೂಪಾಯಿ, ಹಳೆಯ ಎನ್‌ಜಿಸಿ ಹೋಲ್ಡರ್, ಎಂಎಸ್ 62. ಅಮೆರಿಕಕ್ಕೆ ಕಳಿಸಿ ಮರುಗ್ರೇಡ್ ಮಾಡಿಸಬಹುದೇ? (ಬೆಂಗಳೂರು)

ಉತ್ತರ: ಇದು 'ಹಂದಿ ರೂಪಾಯಿ'. ರಾಜನ ಎದೆಯ ಮೇಲಿನ ಆನೆ ಹಂದಿಯಂತೆ ಕಂಡು ಗಲಾಟೆಯಾಗಿ, ಸರ್ಕಾರ ಬಹುಪಾಲನ್ನು ಕರಗಿಸಿ 1912ರಲ್ಲಿ ಅಚ್ಚು ತಿದ್ದಿತು. ಆದ್ದರಿಂದ ಗ್ರೇಡಿನ ಒಂದು ಮೆಟ್ಟಿಲೂ ಇಲ್ಲಿ ಮುಖ್ಯ. ಗಮನಿಸಬೇಕಾದದ್ದು ಗೀರುಗಳನ್ನು. ನಮ್ಮ ಮನೆಗಳಲ್ಲಿ ಬೆಳ್ಳಿಯನ್ನು ಹುಣಸೆಹಣ್ಣು, ವಿಭೂತಿ ಹಾಕಿ ತಿಕ್ಕುವ ರೂಢಿ. ಬೆಳಕಿಗೆ ಓರೆ ಹಿಡಿದಾಗ ಬಯಲಿನಲ್ಲಿ ಒಂದೇ ದಿಕ್ಕಿಗೆ ಓಡುವ ಕೂದಲೆಳೆ ಗೀರುಗಳು ಕಂಡರೆ, ಇಂದು ಅದಕ್ಕೆ ಅಂಕಿ ಸಿಗದೆ 'ಡೀಟೇಲ್ಸ್, ಕ್ಲೀನ್ಡ್' ಎಂಬ ಚೀಟಿ ಬೀಳಬಹುದು. ಹಿಂದೆ ಸಣ್ಣ ತೊಳೆತ ಕಣ್ತಪ್ಪಿ ದಾಟಿದ್ದುಂಟು.

ಆದರೆ ಕಳಿಸುವ ಮಾತೇ ಬೇಡ. ನೂರು ವರ್ಷ ದಾಟಿದ ನಾಣ್ಯ 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆಯಡಿ ಪುರಾವಸ್ತು. ಅದನ್ನು ಖಾಸಗಿಯಾಗಿ ದೇಶದ ಹೊರಗೆ ಕಳಿಸುವುದು ಅಪರಾಧ, ಗ್ರೇಡಿಂಗ್ ಮಾಡಿಸಿ ಮರಳಿ ತರಿಸುತ್ತೇನೆ ಎಂದರೂ ಅಷ್ಟೇ. ಹಳೆಯ ಹೋಲ್ಡರಿನಲ್ಲೇ ಇಟ್ಟು, ಸರ್ಟಿಫಿಕೇಟ್ ಸಂಖ್ಯೆಯನ್ನು ಎನ್‌ಜಿಸಿಯ ಜಾಲತಾಣದಲ್ಲಿ ತಾಳೆ ನೋಡಿ, ಓರೆ ಬೆಳಕಿನಲ್ಲಿ ಎರಡೂ ಬದಿಯ ಸ್ಪಷ್ಟ ಫೋಟೊ ತೆಗೆದು, ಇಲ್ಲಿನ ನೋಂದಾಯಿತ ಹರಾಜು ಸಂಸ್ಥೆಯೊಂದಕ್ಕೆ ತೋರಿಸಿ.