ಮೈಕು ಯಾರ ಕೈಗೆ ಕೊಟ್ಟರು?

ಮೇಷ್ಟ್ರೇ, ನಮಸ್ಕಾರ.

ನಿಮ್ಮ ಪತ್ರ ಎರಡು ಸಲ ಓದಿದೆ. ಅಮೆರಿಕದ 2008ರ ಅಧ್ಯಕ್ಷ ಚುನಾವಣೆಯಲ್ಲಿ ಡೆಮಾಕ್ರಟಿಕ್ ಪಕ್ಷದ ಒಬಾಮ ಎದುರು ರಿಪಬ್ಲಿಕನ್ ಪಕ್ಷದ ಮೆಕೇನ್ ಸೋತದ್ದರ ಬಗ್ಗೆ ನಾವು ಬರೆದದ್ದು ನಿಮಗೆ ಹಿಡಿಸಿಲ್ಲ. ‘ಜಾನ್ ಮೆಕೇನ್ ಒಳ್ಳೆಯತನ ತೋರಿಸಲು ಹೋಗಿ ಸೋತರು, ಒಬಾಮರನ್ನು ಇನ್ನಷ್ಟು ಜಾಡಿಸಬೇಕಿತ್ತು. ಉಪಾಧ್ಯಕ್ಷ ಅಭ್ಯರ್ಥಿ ಯಾರಾದರೇನು, ಜನ ನೋಡುವುದು ಮೇಲಿನ ಹೆಸರನ್ನು’ ಎಂದಿದ್ದೀರಿ.

ಎರಡನೆಯ ಮಾತಿನಲ್ಲಿ ಸತ್ಯ ಇಲ್ಲದಿಲ್ಲ. 1988ರಲ್ಲಿ ಅಧ್ಯಕ್ಷ ಸ್ಥಾನಕ್ಕೆ ನಿಂತ ಡುಕಾಕಿಸ್, ಟೆಕ್ಸಾಸಿನವರೇ ಆದ ಬೆಂಟ್ಸನ್ ಅವರನ್ನು ಉಪಾಧ್ಯಕ್ಷ ಅಭ್ಯರ್ಥಿಯಾಗಿ ಜೊತೆಗಿಟ್ಟುಕೊಂಡರು. ಆದರೂ ಟೆಕ್ಸಾಸ್ ದಕ್ಕಲಿಲ್ಲ. ಆದರೆ ಮೆಕೇನ್ ವಿಷಯದಲ್ಲಿ ನಿಮ್ಮ ಎರಡು ಮಾತುಗಳೂ ಒಂದಕ್ಕೊಂದು ಹೆಣೆದುಕೊಂಡಿವೆ. ಬೇರೆ ಬೇರೆಯಾಗಿ ನೋಡಲು ನನಗಂತೂ ಆಗುತ್ತಿಲ್ಲ.

2008ರ ಅಕ್ಟೋಬರ್ 10ರಂದು ಮಿನೆಸೋಟದ ಲೇಕ್‌ವಿಲ್‌ನಲ್ಲಿ ಸಭೆ. ಕೆಂಪು ಅಂಗಿ ತೊಟ್ಟ ಹೆಂಗಸೊಬ್ಬರು ಮೈಕು ಹಿಡಿದು, ಒಬಾಮ ಮೇಲೆ ನನಗೆ ನಂಬಿಕೆ ಇಲ್ಲ, ಅವರು ಅರಬ್ ಎಂದರು. ಮೆಕೇನ್ ತಲೆ ಅಲ್ಲಾಡಿಸುತ್ತಾ ಆಕೆಯ ಕೈಯಿಂದ ಮೈಕು ತೆಗೆದುಕೊಂಡರು. ಇಲ್ಲಮ್ಮ, ಅವರು ಮರ್ಯಾದಸ್ಥ ಸಂಸಾರಿ, ಈ ದೇಶದ ಪ್ರಜೆ, ನನಗೂ ಅವರಿಗೂ ಭಿನ್ನಾಭಿಪ್ರಾಯ ಇದೆ ಅಷ್ಟೇ ಎಂದರು. (ಅರಬರಾದರೆ ಮರ್ಯಾದಸ್ಥರಾಗಬಾರದೇ ಎಂದು ಆಗಲೂ ಅನಿಸಿತ್ತು, ಈಗಲೂ ಅನಿಸುತ್ತದೆ.) ಒಬಾಮರಿಗೆ ಹೆದರಬೇಕಿಲ್ಲ ಎಂದು ಅದೇ ಸಭೆಯಲ್ಲಿ ಹೇಳಿದ್ದಕ್ಕೆ ಸ್ವಂತ ಬೆಂಬಲಿಗರೇ ಅವರ ವಿರುದ್ಧ ಕೂಗಿದರು.

ಇಂಥ ಸುಳ್ಳಿನ ನೋವು ಮೆಕೇನ್‌ಗೆ ಹೊಸದಲ್ಲ. 2000ದಲ್ಲಿ ಸೌತ್ ಕ್ಯಾರೊಲಿನಾದಲ್ಲಿ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಒಳಚುನಾವಣೆಯಲ್ಲಿ, ಅವರು ಬಾಂಗ್ಲಾದೇಶದಿಂದ ತಂದು ಸಾಕಿದ ಮಗಳ ಬಗ್ಗೆ ಹೊಲಸು ಸುಳ್ಳೊಂದನ್ನು ಹಬ್ಬಿಸಿದ್ದರು. ಚಿಕ್ಕ ಹುಡುಗಿ, ಪಾಪ. ಮೆಕೇನ್ ಅಲ್ಲಿ ಬುಷ್ ಎದುರು ಸೋತರು.

ಇಷ್ಟೆಲ್ಲ ಅನುಭವಿಸಿದವರು 2008ರಲ್ಲಿ ಉಪಾಧ್ಯಕ್ಷ ಅಭ್ಯರ್ಥಿಯಾಗಿ ಆರಿಸಿಕೊಂಡದ್ದು ಯಾರನ್ನು? ಸಾರಾ ಪೇಲಿನ್ ಅವರನ್ನು. ಅಲಾಸ್ಕಾದ ಗವರ್ನರ್ ಆಗಿ ಎರಡು ವರ್ಷವೂ ತುಂಬಿರಲಿಲ್ಲ. ಲೇಕ್‌ವಿಲ್ ಸಭೆಗೆ ಆರು ದಿನ ಮುಂಚೆ, ಒಬಾಮ ಭಯೋತ್ಪಾದಕರ ಜೊತೆ ಒಡನಾಡುವವರು ಎಂದವರು ಇವರೇ. ಅವರು ಬೊಟ್ಟು ಮಾಡಿದ್ದು, ವಿಯೆಟ್ನಾಂ ಯುದ್ಧದ ಕಾಲದಲ್ಲಿ ಬಾಂಬ್ ಇಟ್ಟ ಉಗ್ರ ಎಡಪಂಥೀಯ ಗುಂಪೊಂದರ ನಾಯಕ ಬಿಲ್ ಅಯರ್ಸ್ ಕಡೆಗೆ. ಅಯರ್ಸ್ ಗುಂಪು ಹುಟ್ಟಿದಾಗ ಒಬಾಮಗೆ ಎಂಟು ವರ್ಷವೂ ತುಂಬಿರಲಿಲ್ಲ! ಮೆಕೇನ್ ಒಬ್ಬ ಹೆಂಗಸಿನ ಕೈಯಿಂದ ಮೈಕು ತೆಗೆದುಕೊಂಡರು ನಿಜ. ಇನ್ನೊಬ್ಬರ ಕೈಗೆ ದೊಡ್ಡ ಮೈಕು ಕೊಟ್ಟವರೂ ಅವರೇ ಅಲ್ವಾ?

ಟೀಕೆಯೇ ಬೇಡ ಎನ್ನುತ್ತಿಲ್ಲ, ಮೇಷ್ಟ್ರೇ. ಆ ವರ್ಷ ಸೆಪ್ಟೆಂಬರ್ 15ರಂದು ಲೀಮನ್ ಬ್ರದರ್ಸ್ ಎಂಬ ದೊಡ್ಡ ಬ್ಯಾಂಕು ದಿವಾಳಿಯಾಯಿತು. ಅದೇ ದಿನ ಮೆಕೇನ್, ನಮ್ಮ ಆರ್ಥಿಕತೆಯ ಬುನಾದಿ ಗಟ್ಟಿಯಾಗಿದೆ ಎಂದರು. ಆ ಮಾತು ಹಿಡಿದು ಒಬಾಮ ಕಡೆಯವರು ಮೇಲಿಂದ ಮೇಲೆ ಹೊಡೆದರು. ಅದರಲ್ಲಿ ತಪ್ಪೇನಿಲ್ಲ, ಆಡಿದ ಮಾತಿಗೆ ಉತ್ತರ ಕೊಡಲೇಬೇಕು. ಮೆಕೇನ್ ಸೋಲಿಗೆ ಒಳ್ಳೆಯತನಕ್ಕಿಂತ ಇದೇ ಜಾಸ್ತಿ ಕಾರಣ ಎಂದು ನನಗನಿಸುತ್ತದೆ. ಆದರೆ ಮೆಕೇನ್‌ಗೆ ಇಮೇಲ್ ಕಳಿಸಲೂ ಬರುವುದಿಲ್ಲ ಎಂದು ಅದೇ ಒಬಾಮ ಕಡೆಯವರು ಜಾಹೀರಾತು ಮಾಡಿದ್ದು ನನಗೆ ಹಿಡಿಸಲಿಲ್ಲ. ವಿಯೆಟ್ನಾಂನಲ್ಲಿ ಐದೂವರೆ ವರ್ಷ ಸೆರೆಯಲ್ಲಿದ್ದು, ತೋಳು ಭುಜದಿಂದ ಮೇಲೆ ಎತ್ತಲಾಗದೆ ಬಂದ ಮನುಷ್ಯ ಅವರು. ಆ ಗಾಯಗಳಿಂದ ಟೈಪ್ ಮಾಡುವುದೂ ಅವರಿಗೆ ಕಷ್ಟವಿತ್ತು.

ಉಪಾಧ್ಯಕ್ಷ ಸ್ಥಾನಕ್ಕೆ ಮೆಕೇನ್ ಮನಸ್ಸಿನಲ್ಲಿ ಮೊದಲು ಇದ್ದದ್ದು ಪೇಲಿನ್ ಅಲ್ಲ, ಗೆಳೆಯ ಜೋ ಲೀಬರ್‌ಮನ್. 2000ದಲ್ಲಿ ಎದುರು ಪಕ್ಷದಿಂದ ಉಪಾಧ್ಯಕ್ಷ ಸ್ಥಾನಕ್ಕೆ ನಿಂತವರು. ಪಕ್ಷ ಒಡೆಯುತ್ತದೆ ಎಂದು ಸಲಹೆಗಾರರು ಹೆದರಿಸಿದರು, ಇವರು ಬಿಟ್ಟುಕೊಟ್ಟರು. ಮೆಕೇನ್ ತೀರಿಕೊಂಡ 2018ರಲ್ಲೇ ಬಂದ ತಮ್ಮ ಪುಸ್ತಕದಲ್ಲಿ, ಆವತ್ತು ನನ್ನ ಮನಸ್ಸಿನ ಮಾತು ಕೇಳಬೇಕಿತ್ತು ಎಂದು ಅವರೇ ಬರೆದಿದ್ದಾರೆ.

ನಿಮ್ಮ
ಸಂಪಾದಕ