ಬಳ್ಳಿ ಕಸ ಅಲ್ಲ

ಪ್ರಶ್ನೆ: ನಾವು ಹದಿನೈದಿಪ್ಪತ್ತು ಜನ ಪ್ರತಿ ಭಾನುವಾರ ಬೆಳಿಗ್ಗೆ ಸುರತ್ಕಲ್ ಬೀಚಿನಲ್ಲಿ ಕಸ ಹೆಕ್ಕುತ್ತೇವೆ. ಮುಂದಿನ ವಾರ ಹೋದರೆ ಮತ್ತೆ ಅಷ್ಟೇ ಕಸ. ಈಗ ನಮ್ಮಲ್ಲೊಬ್ಬರು ಜೆಸಿಬಿ ತರಿಸಿ, ಬಳ್ಳಿ ಎಲ್ಲ ಕೀಳಿಸಿ, ಮರಳು ಸಪಾಟು ಮಾಡಿಸೋಣ ಎನ್ನುತ್ತಿದ್ದಾರೆ. ಹಣ ಕೊಡುವವರೂ ಸಿಕ್ಕಿದ್ದಾರೆ. ಮಾಡಿಸಬಹುದಾ?
– ಓದುಗರೊಬ್ಬರು, ಸುರತ್ಕಲ್

ಉತ್ತರ: ಜೆಸಿಬಿ ಬೇಡ ಮಾರಾಯ್ರೆ! ಹಣ ಕೊಡುವವರಿಗೆ ಗೋಣಿಚೀಲ, ಗ್ಲೌಸ್ ಕೊಡಿಸಲು ಹೇಳಿ.

ನೇರಳೆ ಹೂ ಬಿಡುವ, ಎಲೆ ಆಡಿನ ಗೊರಸಿನ ಹಾಗೆ ಸೀಳಿರುವ ಬಳ್ಳಿ ತಾನೆ? ಅದು ಅಡುಂಬು ಬಳ್ಳಿ. ಗಾಳಿಗೆ ಹಾರಿ ಬರುವ ಮರಳು ಅದಕ್ಕೆ ಸಿಕ್ಕಿ ನಿಲ್ಲುತ್ತದೆ. ಮರಳು ಏರಿದ ಹಾಗೆ ಬಳ್ಳಿಯೂ ಮೇಲೆ ಬರುತ್ತದೆ, ಗೆಣ್ಣುಗಳಲ್ಲಿ ಬೇರು ಬಿಡುತ್ತದೆ. ದಿಬ್ಬ ಕಟ್ಟುವುದು ಹೀಗೆ. ಮಳೆಗಾಲದಲ್ಲಿ ಅಲೆ ಮೇಲೆ ಬಂದಾಗ ಮೊದಲು ಹೋಗುವುದು ಆ ದಿಬ್ಬದ ಮರಳು. ದಿಬ್ಬ ಇಲ್ಲದಿದ್ದರೆ ಹಿಂದಿನ ತೆಂಗಿನ ಬುಡಕ್ಕೇ ಬರುತ್ತದೆ. ಕಡಲ ಕೊರೆತ ಅಂದರೆ ಏನು ಎಂದು ಉಳ್ಳಾಲದವರನ್ನು ಕೇಳಿ, ಹೇಳುತ್ತಾರೆ.

ನನಗೂ ಇದೆಲ್ಲ ಗೊತ್ತಿರಲಿಲ್ಲ. ಮುಂಬೈಯಲ್ಲಿ ಇದ್ದಾಗ ವರ್ಸೋವಾ ಬೀಚಿಗೆ ಹೋಗುತ್ತಿದ್ದೆ. ಅಲ್ಲಿ 2015ರ ಅಕ್ಟೋಬರಿನಲ್ಲಿ ವಕೀಲ ಅಫ್ರೋಜ್ ಶಾ ನೆರೆಮನೆಯ ಹಿರಿಯರೊಬ್ಬರ ಜೊತೆ ಕಸ ತೆಗೆಯಲು ಇಳಿದಿದ್ದರು. ಆಮೇಲೆ ಜನ ಸೇರುತ್ತಾ ಹೋದರು. ಮೊದಲ ದಿನ ನನ್ನ ಕೈಗೆ ಸಿಕ್ಕಿದ್ದು ಒಂದು ಸೀರೆ. ಅರ್ಧ ಮರಳೊಳಗೆ. ಇಬ್ಬರು ಎಳೆದರೂ ಬರಲಿಲ್ಲ, ಕೊನೆಗೆ ಕತ್ತರಿಸಿದೆವು. (ಯಾರ ಸೀರೆಯೋ, ಜರಿ ಮಾತ್ರ ಇನ್ನೂ ಹೊಳೆಯುತ್ತಿತ್ತು.) 2018ರ ಮಾರ್ಚಿನಲ್ಲಿ ಅದೇ ಬೀಚಿನಿಂದ ಆಲಿವ್ ರಿಡ್ಲೆ ಆಮೆಮರಿಗಳು ಕಡಲಿಗೆ ಇಳಿದವು.

ಆಮೆ ನಿಮಗೂ ದೂರದ ಮಾತಲ್ಲ. 2024ರಲ್ಲಿ ನಿಮ್ಮ ಹತ್ತಿರದ ಸಸಿಹಿತ್ಲು ಬೀಚಿನಲ್ಲೂ ಮೊಟ್ಟೆ ಇಟ್ಟಿತ್ತು. ಒಂದು ಗೂಡಿನಲ್ಲಿ ಸುಮಾರು ನೂರು ಮೊಟ್ಟೆ, ಮೊಣಕೈ ಆಳದಲ್ಲಿ, ಒಂದೂವರೆ ಎರಡು ತಿಂಗಳು. ಮೇಲಿಂದ ನೋಡಿದರೆ ಸುಮ್ನೆ ಮರಳು. ಜೆಸಿಬಿ ಓಡಿಸುವವನಿಗೆ ಹೇಗೆ ಗೊತ್ತಾಗಬೇಕು?

ಇನ್ನು ವಾರ ವಾರ ಬರುವ ಕಸ. ಅದು ಬೀಚಿಗೆ ಬಂದವರು ಬಿಸಾಡಿದ್ದು ಮಾತ್ರ ಅಲ್ಲ. ನಮ್ಮ ಮನೆ ಹಿಂದಿನ ತೋಡಿನಿಂದ ಹೊಳೆಗೆ, ಹೊಳೆಯಿಂದ ಕಡಲಿಗೆ ಹೋಗಿ, ಅಲೆಯ ಜೊತೆ ವಾಪಸು ಬರುವುದೇ ಜಾಸ್ತಿ. ಅಫ್ರೋಜ್ ಶಾ ಕೂಡ ಆಮೇಲೆ ಮುಂಬೈಯ ಮಿಠಿ ನದಿಯ ಕಸಕ್ಕೆ ಕೈ ಹಾಕಿದರು. ನೀವು ತಿಂಗಳಿಗೊಂದು ಭಾನುವಾರ ಬೀಚು ಬಿಟ್ಟು ತೋಡಿಗೆ ಹೋಗಿ. ಫೋಟೋ ಅಷ್ಟು ಚೆಂದ ಬರಲಿಕ್ಕಿಲ್ಲ, ವಾಸನೆಯೂ ಇರುತ್ತದೆ.

ಮೀನುಗಾರರನ್ನೂ ಜೊತೆಗೆ ಕರೆಯಿರಿ. ಹೂತುಹೋದ ಬಲೆಯನ್ನು ಎಲ್ಲಿ ಕತ್ತರಿಸಬೇಕು ಎಂದು ಅವರಿಗೆ ಗೊತ್ತು. ದಿಬ್ಬದ ಮೇಲೆ ಕುಂಟೆ ಎಳೆಯಬೇಡಿ, ಕೈಯಲ್ಲೇ ಹೆಕ್ಕಿ. ಬಳ್ಳಿಯ ನಡುವೆ ಬಾಟಲಿ ಚೂರು ಇರುತ್ತದೆ, ಬರಿಗಾಲಲ್ಲಿ ಹೋಗಬೇಡಿ.